ಇಬ್ಬರು ಶಿಕ್ಷಕರು, ಒಂದೇ ನೇಮಕಾತಿ ಪತ್ರ

2023ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಶಿಕ್ಷಣ ಇಲಾಖೆಯು ಹೊರದೇಶಗಳಲ್ಲಿ ತರಬೇತಿ ಪಡೆದ ಶಿಕ್ಷಕರಿಗಾಗಿ ಹೊಸ ಅರ್ಜಿ ವ್ಯವಸ್ಥೆಯೊಂದನ್ನು ಆರಂಭಿಸಿತು. ಅದುವರೆಗೆ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮತ್ತು ಯುರೋಪಿನ ಶಿಕ್ಷಕರಿಗೆ ಮಾತ್ರ ನೇರವಾಗಿ ಸಿಗುತ್ತಿದ್ದ ಅರ್ಹ ಶಿಕ್ಷಕರ ಮಾನ್ಯತೆಗೆ, ಅಲ್ಲಿನ ಶಾಲೆಗಳಲ್ಲಿ ಎಲ್ಲರೂ ‘ಕ್ಯೂಟಿಎಸ್’ ಎಂದು ಕರೆಯುವ ಆ ಮಾನ್ಯತೆಗೆ, ಭಾರತ, ನೈಜೀರಿಯಾ, ಘಾನಾ, ಜಮೈಕಾ ಸೇರಿದಂತೆ ಇನ್ನೂ ಒಂಬತ್ತು ದೇಶಗಳ ಶಿಕ್ಷಕರು ಅರ್ಜಿ ಹಾಕಬಹುದೆಂದಾಯಿತು. ಪದವಿ, ಬಿ.ಎಡ್., ತರಬೇತಿಯ ನಂತರ ಕನಿಷ್ಠ ಒಂದು ಶೈಕ್ಷಣಿಕ ವರ್ಷದ ಬೋಧನಾನುಭವ, ಇಂಗ್ಲಿಷ್ ಬಲ್ಲೆವೆಂಬುದಕ್ಕೆ ಪುರಾವೆ, ಇಷ್ಟಿದ್ದರೆ ಸಾಕು. ಅರ್ಜಿಗೆ ಶುಲ್ಕವೂ ಇಲ್ಲ. ಆದರೆ ನಮ್ಮ ದೇಶದವರಿಗೆ ಒಂದು ಷರತ್ತಿತ್ತು. 11ರಿಂದ 16 ವರ್ಷದ ಮಕ್ಕಳಿಗೆ ಗಣಿತ, ವಿಜ್ಞಾನ ಅಥವಾ ಭಾಷೆಗಳನ್ನು ಕಲಿಸುವ ತರಬೇತಿ ಪಡೆದವರಿಗೆ ಮಾತ್ರ ಈ ದಾರಿ ತೆರೆದಿತ್ತು.

ನಮ್ಮ ಮನೆಯಲ್ಲಿ ಇಬ್ಬರೂ ಶಿಕ್ಷಕರು. ನಾನು ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ನಾಲ್ಕು ವರ್ಷದ ಬಿ.ಎಸ್ಸಿ.ಎಡ್. ಮುಗಿಸಿ ಕೋಲಾರದ ಖಾಸಗಿ ಪ್ರೌಢಶಾಲೆಯೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ನಮ್ಮವರು ಅದೇ ಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು, ಇತಿಹಾಸದಲ್ಲಿ ಎಂ.ಎ. ಮಾಡಿದವರು. ನಮ್ಮ ಪರಿಚಯವಾದದ್ದೂ ಆ ಶಾಲೆಯ ಸ್ಟಾಫ್ ರೂಮಿನಲ್ಲಿಯೇ. ಅನುಭವದಲ್ಲಿ ಅವರು ನನಗಿಂತ ಹಿರಿಯರು. ತರಗತಿಯನ್ನು ಹಿಡಿದಿಡುವುದರಲ್ಲಿ ಅವರಷ್ಟು ನುರಿತವರನ್ನು ನಾನು ಹೆಚ್ಚು ಕಂಡಿಲ್ಲ. ಆ ಷರತ್ತಿನಿಂದಾಗಿ ನನ್ನ ಪ್ರಮಾಣಪತ್ರಕ್ಕೆ ಇಂಗ್ಲೆಂಡಿನಲ್ಲಿ ಬೆಲೆ ಬಂತು, ಅವರದಕ್ಕೆ ಬರಲಿಲ್ಲ. ಅಲ್ಲಿನ ಶಾಲೆಗಳಿಗೆ ಭೌತಶಾಸ್ತ್ರದ ಶಿಕ್ಷಕರು ವರ್ಷಗಟ್ಟಲೆಯಿಂದ ಸಾಕಷ್ಟು ಸಿಗುತ್ತಿಲ್ಲ, ಇತಿಹಾಸದವರಿಗೆ ಅಂಥ ಅಭಾವವಿಲ್ಲ. ಒಂದು ದೇಶ ತನಗೆ ಬೇಕಾದವರನ್ನು ಆರಿಸಿಕೊಳ್ಳುವುದು ಸಹಜವೇ. ಆದರೆ ಆ ಆಯ್ಕೆಯ ಗೆರೆ ನಮ್ಮ ಊಟದ ಮನೆಯ ನಡುವೆ ಹಾದುಹೋಗುವುದೆಂದು ನಾವು ಎಣಿಸಿರಲಿಲ್ಲ.

ಗಂಡನಿಗೆ ವಿದೇಶದಲ್ಲಿ ಕೆಲಸ ಸಿಕ್ಕಿ ಹೆಂಡತಿ ಜೊತೆಗೆ ಹೊರಟರೆ ನಮ್ಮ ಕಡೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಅವಳು ಬಿಟ್ಟುಹೋದ ಕೆಲಸವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದೂ ಇಲ್ಲ. ನಮ್ಮದು ತಿರುವುಮುರುವಾಗಿದ್ದರಿಂದ ಎರಡೂ ಮನೆಗಳಲ್ಲಿ ಪ್ರಶ್ನೆಗಳೆದ್ದವು. “ಅವಳಿಗೆ ಕೆಲಸ ಸಿಕ್ಕಿದೆ, ಸರಿಯಪ್ಪಾ. ನೀನು ಅಲ್ಲಿ ಹೋಗಿ ಏನು ಮಾಡ್ತೀಯ?” ಎಂದು ನಮ್ಮ ಮಾವನವರು ಕೇಳಿದ್ದು ನಿಷ್ಠುರದಿಂದಲ್ಲ, ನಿಜವಾದ ಕಾಳಜಿಯಿಂದ. “ಗಂಡಸು ಮನೇಲಿ ಕೂತರೆ ಮನೆ ಮನೆಯಾಗಿರಲ್ಲ ಕಣೇ” ಎಂದು ನನ್ನ ಅಮ್ಮ ಫೋನಿನಲ್ಲಿ ಪದೇಪದೇ ಹೇಳಿದಳು. ನಮ್ಮವರು ತಮ್ಮ ತಂದೆಗೆ “ಹೋಗಿ ನೋಡ್ತೀನಪ್ಪಾ” ಎಂದಷ್ಟೇ ಉತ್ತರಿಸಿದರು. ಮಾವನವರ ಪ್ರಶ್ನೆ ಸರಿಯಾದದ್ದೇ ಆಗಿತ್ತೆಂದು ನಾನು ಈಗಲೂ ನಂಬುತ್ತೇನೆ. ಹೆಂಡತಿ ಹೊರಡುವಾಗಲೂ ಯಾರಾದರೂ ಅದನ್ನೇ ಕೇಳಬೇಕು, ಮತ್ತು ಅದಕ್ಕೆ ಉತ್ತರ ಸಿದ್ಧವಾಗುವ ತನಕ ಟಿಕೆಟ್ ಕೊಳ್ಳಬಾರದು.

ಹಣದ ಲೆಕ್ಕವನ್ನು ಚುಟುಕಾಗಿ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಮುಚ್ಚಿಟ್ಟು ಮಾತಾಡುವವರೇ ಹೆಚ್ಚು. 2024ರ ಫೆಬ್ರವರಿಯಿಂದ ಬ್ರಿಟನ್ನಿನ ವೀಸಾದೊಂದಿಗೆ ಕಟ್ಟಬೇಕಾದ ಆರೋಗ್ಯ ಶುಲ್ಕ ವಯಸ್ಕರೊಬ್ಬರಿಗೆ ವರ್ಷಕ್ಕೆ 1,035 ಪೌಂಡ್. ವೀಸಾ ಎಷ್ಟು ವರ್ಷದ್ದೋ ಅಷ್ಟನ್ನೂ ಮುಂಗಡವಾಗಿ ಕಟ್ಟಬೇಕು. ಮೂರು ವರ್ಷಕ್ಕೆ ಇಬ್ಬರಿಗೆ 6,210 ಪೌಂಡ್, ಎಂದರೆ ಆರು ಲಕ್ಷ ರೂಪಾಯಿಗೂ ಮೇಲೆ. ವೀಸಾ ಶುಲ್ಕ, ವಿಮಾನದ ಟಿಕೆಟ್, ಬಾಡಿಗೆ ಮನೆಯ ಮುಂಗಡ ಇವೆಲ್ಲ ಬೇರೆ. ಭೌತಶಾಸ್ತ್ರ ಮತ್ತು ಭಾಷಾ ಶಿಕ್ಷಕರಿಗೆ ಅಲ್ಲಿನ ಸರ್ಕಾರ 10,000 ಪೌಂಡಿನ ಸ್ಥಳಾಂತರ ಭತ್ಯೆಯನ್ನು ಪ್ರಾಯೋಗಿಕವಾಗಿ ಕೊಡುತ್ತಿದ್ದ ಕಾಲವದು. ಆದರೆ ಅದಕ್ಕೆ ಅರ್ಜಿ ಹಾಕಬಹುದಾಗಿದ್ದು ಶಾಲೆಗೆ ಸೇರಿ ಒಂದು ಅವಧಿ ಮುಗಿಸಿದ ಮೇಲೆ. ಹೊರಡುವಾಗ ಬೇಕಾದ ಹಣವನ್ನು ನಾವೇ ಹೊಂದಿಸಬೇಕಾಯಿತು. ನನ್ನ ಒಡವೆಗಳಲ್ಲಿ ಒಂದು ಪಾಲು ಕೋಲಾರದ ಬ್ಯಾಂಕಿನಲ್ಲಿ ಅಡವಿಗೆ ಹೋಯಿತು. 2024ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಹೊರಗೆ ಅರ್ಹ ಶಿಕ್ಷಕರ ಮೂಲ ವೇತನ ಶ್ರೇಣಿ ವರ್ಷಕ್ಕೆ 31,650 ಪೌಂಡಿನಿಂದ ಆರಂಭವಾಗುತ್ತಿತ್ತು. ಅದನ್ನು ರೂಪಾಯಿಗೆ ಗುಣಿಸಿ ನೋಡಿ ಹಿಗ್ಗುವವರು ತೆರಿಗೆ, ಬಾಡಿಗೆ, ಸ್ಥಳೀಯ ಸಂಸ್ಥೆಗೆ ಕಟ್ಟುವ ಕೌನ್ಸಿಲ್ ತೆರಿಗೆ, ಚಳಿಗಾಲದ ಗ್ಯಾಸ್ ಬಿಲ್ಲು ಇವೆಲ್ಲ ಪೌಂಡಿನಲ್ಲಿಯೇ ಬರುತ್ತವೆಂಬುದನ್ನು ಮೊದಲು ಬರೆದುಕೊಳ್ಳಬೇಕು.

ದಂಪತಿಯಾಗಿ ಹೊರಡುವವರಿಗೆ ಇನ್ನೊಂದು ಸಂಗತಿ. ಕೋಲಾರದ ಛತ್ರದಲ್ಲಿ ಎರಡೂ ಕಡೆಯ ನೂರಾರು ಜನರೆದುರು ನಡೆದ ನಮ್ಮ ಮದುವೆಗೆ ಸರ್ಕಾರದ ಪುಸ್ತಕದಲ್ಲಿ ದಾಖಲೆಯಿರಲಿಲ್ಲ. ಲಗ್ನಪತ್ರಿಕೆ, ಧಾರೆಯ ಫೋಟೋ, ಸಾಕ್ಷಿಗಳನ್ನು ಕರೆದುಕೊಂಡು ಉಪನೋಂದಣಿ ಕಚೇರಿಗೆ ಹೋಗಿ, ವರ್ಷಗಳ ನಂತರ ಮದುವೆಯನ್ನು ನೋಂದಾಯಿಸಿಕೊಂಡೆವು. ಬೆಂಗಳೂರಿನ ನಿಗದಿತ ಕೇಂದ್ರದಲ್ಲಿ ಇಬ್ಬರಿಗೂ ಕ್ಷಯರೋಗದ ಪರೀಕ್ಷೆಯಾಯಿತು, ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಪ್ರಮಾಣಪತ್ರ ಬಂತು. ಕ್ಯೂಟಿಎಸ್ ಮಾಡಿಸಿಕೊಡುತ್ತೇವೆಂದು ದೊಡ್ಡ ಮೊತ್ತ ಕೇಳುವ ಏಜೆಂಟರು ನಮ್ಮಲ್ಲಿ ಸಾಕಷ್ಟಿದ್ದಾರೆ. ಶುಲ್ಕವಿಲ್ಲದ ಅರ್ಜಿಗೆ ಅವರ ಅಗತ್ಯವಿಲ್ಲ. ಇಂಗ್ಲೆಂಡಿನ ಶಿಕ್ಷಣ ಇಲಾಖೆಯೇ ನಡೆಸುವ ಶಿಕ್ಷಕ ಹುದ್ದೆಗಳ ಜಾಲತಾಣದಲ್ಲಿ ಯಾವ ಶಾಲೆ ವೀಸಾ ಪ್ರಾಯೋಜಕತ್ವ ಕೊಡಬಲ್ಲದೆಂದು ಸ್ಪಷ್ಟವಾಗಿ ಬರೆದಿರುತ್ತಾರೆ. ನಾನು ಕೆಲಸ ಹುಡುಕಿದ್ದು ಅಲ್ಲಿಯೇ, ಸಂದರ್ಶನ ನಡೆದದ್ದು ವೀಡಿಯೊ ಕರೆಯಲ್ಲಿ.

ವೆಸ್ಟ್ ಯಾರ್ಕ್‌ಷೈರ್‌ನ ವೇಕ್‌ಫೀಲ್ಡ್ ಸುತ್ತಮುತ್ತ ಒಂದು ಕಾಲದಲ್ಲಿ ಕಲ್ಲಿದ್ದಲನ್ನೇ ನಂಬಿ ಬದುಕಿದ ಊರುಗಳು ಸಾಲಾಗಿವೆ. ಅಂಥದೊಂದು ಊರಿನ ಪ್ರೌಢಶಾಲೆಗೆ ನನ್ನ ನೇಮಕವಾಯಿತು. ಆಗಸ್ಟ್ ಕೊನೆಯ ವಾರದಲ್ಲಿ ನಾವು ಬಂದಿಳಿದಾಗ ಸಂಜೆ ಎಂಟರವರೆಗೂ ಬೆಳಕಿತ್ತು. ಈ ದೇಶದಲ್ಲಿ ನಮ್ಮ ಹೆಸರಿನಲ್ಲಿ ಯಾವ ಆರ್ಥಿಕ ಇತಿಹಾಸವೂ ಇಲ್ಲವಾದ್ದರಿಂದ ಮನೆಯೊಡೆಯರು ಆರು ತಿಂಗಳ ಬಾಡಿಗೆಯನ್ನು ಒಟ್ಟಿಗೆ ಕೇಳಿದರು. ಸಾಲುಮನೆಗಳ ಬೀದಿ, ಕೆಂಪು ಇಟ್ಟಿಗೆಯ ಗೋಡೆ, ಕೆಳಗೊಂದು ಮೇಲೊಂದು ಕೋಣೆ, ಹಿಂದೆ ಚಿಕ್ಕ ಅಂಗಳ. ನೆರೆಯ ಅಜ್ಜಿ ಮೊದಲ ದಿನವೇ ನಮ್ಮಿಬ್ಬರನ್ನೂ “ಲವ್” ಎಂದು ಕರೆದು ಮಾತಾಡಿಸಿದರು; ಆ ಭಾಗದಲ್ಲಿ ಅಂಗಡಿಯವರೂ ಬಸ್ಸಿನ ಚಾಲಕರೂ ಎಲ್ಲರನ್ನೂ ಹಾಗೆಯೇ ಕರೆಯುತ್ತಾರೆ.

ಶಾಲೆಯ ವಿಷಯಕ್ಕೆ ಬರುತ್ತೇನೆ. ಕೋಲಾರದಲ್ಲಿ ನಾನು ತರಗತಿಯೊಳಗೆ ಕಾಲಿಟ್ಟರೆ ಐವತ್ತು ಮಕ್ಕಳು ಎದ್ದು ನಿಲ್ಲುತ್ತಿದ್ದರು. ಗೌರವವೆಂಬುದು ನನಗಿಂತ ಮೊದಲೇ ಆ ಕೋಣೆಯಲ್ಲಿ ಬಂದು ಕೂತಿರುತ್ತಿತ್ತು. ಇಲ್ಲಿ ಅದನ್ನು ಪ್ರತಿ ಪಾಠದಲ್ಲೂ ಹೊಸದಾಗಿ ಸಂಪಾದಿಸಬೇಕು. ನಾನು ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಸ್ವಾಗತಿಸಬೇಕು, ಅವರು ಕೂರುವಷ್ಟರಲ್ಲಿ ಪರದೆಯ ಮೇಲೆ ಮಾಡಬೇಕಾದ ಕೆಲಸ ಕಾಣಿಸುತ್ತಿರಬೇಕು, ಯಾರು ಎಲ್ಲಿ ಕೂರಬೇಕೆಂಬ ನಕ್ಷೆ ನನ್ನ ಕೈಯಲ್ಲಿರಬೇಕು, ಹಾಜರಿ ಕಂಪ್ಯೂಟರಿನಲ್ಲಿ ಕೂಡಲೇ ದಾಖಲಾಗಬೇಕು. ಮಾತು ಮೀರಿದ ಮಗುವಿಗೆ ಮೊದಲು ಎಚ್ಚರಿಕೆ, ಆಮೇಲೆ ಜಾಗ ಬದಲಾವಣೆ, ಆಮೇಲೆ ಶಾಲೆ ಬಿಟ್ಟ ನಂತರ ಉಳಿಸಿಕೊಳ್ಳುವ ಡಿಟೆನ್ಷನ್, ಹೀಗೆ ಮೆಟ್ಟಿಲುಗಳಿವೆ. ಯಾವುದನ್ನೂ ದಾಟಿ ಹೋಗುವಂತಿಲ್ಲ, ದನಿ ಏರಿಸಿ ಗದರುವುದು ಬಲವೆನಿಸುವುದಿಲ್ಲ. ಒಂಬತ್ತನೆಯ ವರ್ಷದ, ಅಂದರೆ ಹದಿಮೂರು-ಹದಿನಾಲ್ಕು ವಯಸ್ಸಿನ ಮಕ್ಕಳ, ಕೆಳಗಿನ ಸೆಟ್ ನನಗೆ ಸಿಕ್ಕಿತ್ತು. ವಿಜ್ಞಾನ ಮತ್ತು ಗಣಿತದಲ್ಲಿ ಮಕ್ಕಳನ್ನು ಸಾಮರ್ಥ್ಯದ ಮೇಲೆ ವಿಂಗಡಿಸುವುದು ಇಲ್ಲಿ ವಾಡಿಕೆ, ಕೆಳಗಿನ ಸೆಟ್‌ನ ಮಕ್ಕಳಿಗೆ ತಾವು ಕೆಳಗಿನವರೆಂಬುದು ಚೆನ್ನಾಗಿ ಗೊತ್ತಿರುತ್ತದೆ. “ಇದು ನಮಗ್ಯಾಕೆ ಬೇಕು ಮಿಸ್?” ಎಂದು ಅಲ್ಲೊಬ್ಬ ಹುಡುಗ ಕೇಳಿದ್ದು ನನ್ನನ್ನು ಕೆಣಕಲಿಕ್ಕಲ್ಲ. ಅವನಿಗೆ ಉತ್ತರ ನಿಜವಾಗಿಯೂ ಬೇಕಿತ್ತು.

ತರಂಗಗಳ ಪಾಠದಲ್ಲಿ ನನ್ನ ಉಚ್ಚಾರಣೆ ಅವರಿಗೆ ತೊಡಕಾಯಿತು. ‘ವೇವ್’ ಎನ್ನುವಾಗ ನಾವು ಮೊದಲಿನ ಮತ್ತು ಕೊನೆಯ ವಕಾರಗಳನ್ನು ಒಂದೇ ರೀತಿ ನುಡಿಯುತ್ತೇವೆ. ಯಾರ್ಕ್‌ಷೈರ್‌ನ ಕಿವಿಗೆ ಅದು ಬೇರೆ ಶಬ್ದವಾಗಿ ಕೇಳುತ್ತದೆ. ಹಾಗೆಯೇ ಅವರ ಮಾತು ನನಗೆ ಮೊದಲ ವಾರಗಳಲ್ಲಿ ಅರ್ಧವಷ್ಟೇ ಅರ್ಥವಾಗುತ್ತಿತ್ತು. ಮುಖ್ಯ ಪದಗಳನ್ನೆಲ್ಲ ಬೋರ್ಡಿನ ಒಂದು ಬದಿಯಲ್ಲಿ ಬರೆದಿಟ್ಟು, ಅವುಗಳನ್ನು ತೋರಿಸುತ್ತಾ ಮಾತಾಡುವ ಅಭ್ಯಾಸ ಮಾಡಿಕೊಂಡೆ. ಅದರಿಂದ ಓದಲು ತಡವರಿಸುವ ಮಕ್ಕಳಿಗೂ ಅನುಕೂಲವಾಯಿತು.

ಪ್ರಯೋಗಾಲಯದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಮುಂದಿನ ವಾರಕ್ಕೆ ಬೇಕಾದ ಸಲಕರಣೆಗಳ ಪಟ್ಟಿಯನ್ನು ಕೊಟ್ಟರೆ ಲ್ಯಾಬ್ ಟೆಕ್ನೀಷಿಯನ್ ಪ್ರತಿ ಜೋಡಿ ಮಕ್ಕಳಿಗೂ ಒಂದೊಂದು ಅಮ್ಮೀಟರ್, ವೋಲ್ಟ್‌ಮೀಟರ್, ತಂತಿ, ಅಳತೆಪಟ್ಟಿಗಳನ್ನು ಟ್ರಾಲಿಯಲ್ಲಿ ಜೋಡಿಸಿ ತಂದಿಡುತ್ತಾರೆ. ತಂತಿಯ ಉದ್ದ ಹೆಚ್ಚಿದಂತೆ ರೋಧ ಹೆಚ್ಚುವುದನ್ನು ಇಲ್ಲಿನ ಪ್ರತಿಯೊಂದು ಮಗುವೂ ತನ್ನ ಕೈಯಿಂದಲೇ ಅಳೆದು ನೋಡುತ್ತದೆ. ಜಿಸಿಎಸ್‌ಇ ಎಂಬ, ನಮ್ಮ ಎಸ್ಸೆಸ್ಸೆಲ್ಸಿಯಂಥ ಪರೀಕ್ಷೆಗೆ ಅದು ಕಡ್ಡಾಯ ಪ್ರಯೋಗ. ಕೋಲಾರದಲ್ಲಿ ಇಡೀ ತರಗತಿಗೆ ನಾನು ಮೇಜಿನ ಮೇಲೆ ಒಂದು ಸಲ ಮಾಡಿ ತೋರಿಸುತ್ತಿದ್ದ ಪ್ರಯೋಗವದು, ಹಿಂದಿನ ಬೆಂಚಿನವರು ನನ್ನ ಮಾತನ್ನು ನಂಬಿ ಬರೆದುಕೊಳ್ಳುತ್ತಿದ್ದರು. ಇನ್ನೊಂದು ಕಡೆ, ಓಮ್‌ನ ನಿಯಮದಲ್ಲಿ ರೋಧವನ್ನು ಕಂಡುಹಿಡಿಯಲು ಸಮೀಕರಣವನ್ನು ತಿರುಗಿಸಿ ಬರೆಯುವುದು ನನ್ನ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ನೀರು ಕುಡಿದಷ್ಟು ಸಲೀಸಾಗಿತ್ತು. ಇಲ್ಲಿ ಅದಕ್ಕೇ ಎರಡು ಪಾಠಗಳು ಬೇಕಾಗುತ್ತವೆ, ಪರೀಕ್ಷೆಯಲ್ಲಿ ಸೂತ್ರಗಳ ಹಾಳೆಯನ್ನು ಕೈಗೇ ಕೊಡುತ್ತಾರೆ. ಯಾವುದು ಮೇಲು ಎಂದು ಕೇಳುವವರಿಗೆ ನನ್ನ ಉತ್ತರವಿಷ್ಟೇ: ಕೋಲಾರದ ಮಕ್ಕಳಿಗೂ ಆ ಟ್ರಾಲಿ ಸಿಗಬೇಕಿತ್ತು.

ಮಕ್ಕಳ ಸುರಕ್ಷತೆಯ ನಿಯಮಗಳಿಂದ ನಾನು ಬಹಳ ಕಲಿತೆ. ಮಗುವೊಂದು ತನ್ನ ಮನೆಯ ಕಷ್ಟವನ್ನು ಹೇಳಿಕೊಂಡರೆ “ಯಾರಿಗೂ ಹೇಳುವುದಿಲ್ಲ” ಎಂದು ಮಾತು ಕೊಡುವಂತಿಲ್ಲ. ಅದೇ ದಿನ ಬರೆದು, ಶಾಲೆಯಲ್ಲಿ ಅದಕ್ಕೆಂದೇ ನೇಮಿಸಿರುವ ಹಿರಿಯರಿಗೆ ತಲುಪಿಸಬೇಕು. ಊರಿನಲ್ಲಿ ನನ್ನ ಬಳಿ ಕೆಲವು ಹುಡುಗಿಯರು ಹೇಳಿಕೊಂಡ ಎಷ್ಟೋ ಸಂಗತಿಗಳು ನನ್ನ ಎದೆಯಲ್ಲೇ ಉಳಿದಿವೆ. ಅಲ್ಲಿ ಅವನ್ನು ಒಯ್ದು ಕೊಡಲು ಜಾಗವೇ ಇರಲಿಲ್ಲ.

ಇಂಗ್ಲೆಂಡಿನ ರಾಷ್ಟ್ರೀಯ ಸೇವಾ ನಿಯಮಗಳ ಪ್ರಕಾರ ಶಿಕ್ಷಕರನ್ನು ವರ್ಷಕ್ಕೆ 195 ದಿನ, 1,265 ಗಂಟೆಗಳ ಕಾಲ ಕೆಲಸಕ್ಕೆ ನಿಯೋಜಿಸಬಹುದು. ಸ್ವತಂತ್ರ ಆಡಳಿತದ ಅಕಾಡೆಮಿ ಶಾಲೆಗಳು ಹೆಚ್ಚಾಗಿರುವ ಈ ಕಾಲದಲ್ಲೂ ಬಹಳಷ್ಟು ಕಡೆ ಇದೇ ಲೆಕ್ಕ ನಡೆಯುತ್ತದೆ. ಪಾಠದ ತಯಾರಿ, ಪುಸ್ತಕ ತಿದ್ದುವುದು, ಪೋಷಕರಿಗೆ ಉತ್ತರ ಬರೆಯುವುದು ಆ ಗಂಟೆಗಳೊಳಗೆ ಮುಗಿಯುವುದಿಲ್ಲವೆಂಬುದು ಇಲ್ಲಿನ ಯಾವ ಶಿಕ್ಷಕರನ್ನು ಕೇಳಿದರೂ ಗೊತ್ತಾಗುತ್ತದೆ. ಹೊಸ ದೇಶದಲ್ಲಿ ಎಲ್ಲವನ್ನೂ ಮೊದಲಿಂದ ತಯಾರಿಸಬೇಕಾದವಳಿಗೆ ಸಂಜೆಯೂ ಭಾನುವಾರವೂ ಅದಕ್ಕೇ ಹೋದವು.

ಆ ಸಂಜೆಗಳಲ್ಲಿ ಮನೆಯಲ್ಲಿ ಇನ್ನೊಬ್ಬ ಶಿಕ್ಷಕರಿದ್ದರು. ಕೆಲಸ ಮಾಡುವ ಹಕ್ಕನ್ನು ವೀಸಾ ಅವರಿಗೂ ಕೊಟ್ಟಿತ್ತು. ಕೆಲಸ ಮಾತ್ರ ಇರಲಿಲ್ಲ. ಸೆಪ್ಟೆಂಬರಿನಲ್ಲಿ ಅವರು ಊರೆಲ್ಲ ಸುತ್ತಿ ನೋಡಿದರು, ಗ್ರಂಥಾಲಯದ ಸದಸ್ಯರಾದರು, ಅಡುಗೆ ಕಲಿತರು. ಅಕ್ಟೋಬರ್ ಕೊನೆಗೆ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ಕತ್ತಲು ಬೇಗ ಬೇಗ ಬರತೊಡಗಿತು. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಇಡೀ ದಿನ ಒಬ್ಬರೊಡನೆಯೂ ಮಾತಾಡದೆ, ನಾನು ಬರುವುದನ್ನು ಕಾದು ಕೂತಿರುತ್ತಿದ್ದವರ ಬಳಿಗೆ, ಇಡೀ ದಿನ ಮಾತಾಡಿ ದಣಿದು ಮೌನ ಬೇಕೆಂದು ಬರುತ್ತಿದ್ದವಳು ನಾನು. ಮನೆಯ ಎರಡು ಹಸಿವುಗಳು ಹೀಗೆ ಎದುರುಬದುರಾಗಿ ನಿಂತವು. ಇದನ್ನು ಯಾರ ತಪ್ಪೆಂದೂ ಹೇಳಲಾಗದು. ಒಬ್ಬರ ಹೆಸರಿಗೆ ಮಾತ್ರ ನೇಮಕಾತಿ ಪತ್ರವಿರುವ ಎಲ್ಲ ಮನೆಗಳಲ್ಲೂ ಇದು ನಡೆಯುತ್ತದೆ, ಮತ್ತು ಹೆಚ್ಚಿನ ಮನೆಗಳಲ್ಲಿ ಕಾದು ಕೂರುವವಳು ಹೆಂಡತಿಯಾಗಿರುವುದರಿಂದ ಅದರ ಸುದ್ದಿ ಹೊರಗೆ ಬರುವುದಿಲ್ಲ.

ನನ್ನ ಒಂಬತ್ತನೆಯ ವರ್ಷದ ತರಗತಿಯನ್ನು ದಾರಿಗೆ ತಂದದ್ದರಲ್ಲಿ ಅವರ ಪಾಲು ದೊಡ್ಡದು. ನಾನು ಬೇಸರದಿಂದ ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, “ಗಲಾಟೆ ಶುರುವಾಗೋದು ಯಾವಾಗ? ನೀನು ಬೋರ್ಡಿನ ಕಡೆ ತಿರುಗಿದಾಗಲೋ, ಬರೆಯೋಕೆ ಹೇಳಿದಾಗಲೋ?” ಎಂದು ಕೇಳುತ್ತಿದ್ದರು. ಬರೆಯಲು ಹೇಳಿದಾಗ, ಎಂದು ಗಮನಿಸಿ ನೋಡಿದ ಮೇಲೆ ಗೊತ್ತಾಯಿತು. ಬರೆಯಲು ಬಾರದಿರುವುದನ್ನು ಮುಚ್ಚಿಕೊಳ್ಳಲು ಆ ಹುಡುಗರು ಗಲಾಟೆ ಎಬ್ಬಿಸುತ್ತಿದ್ದರು. ಬರೆಯಬೇಕಾದ ವಾಕ್ಯದ ಮೊದಲರ್ಧವನ್ನು ನಾನೇ ಕೊಟ್ಟು ಮುಗಿಸಲು ಹೇಳತೊಡಗಿದ ಮೇಲೆ ಕೋಣೆ ಶಾಂತವಾಯಿತು. ಒಮ್ಮೆ ಹೀಗೆ ಮಾತಾಡುತ್ತಿರುವಾಗ ಅವರು ನಡುವೆ ನಿಲ್ಲಿಸಿ, “ಇವತ್ತು ಸಾಕು, ಶಾಲೆ ವಿಷಯ ಬೇಡ” ಎಂದರು. ತರಗತಿಯಿಲ್ಲದ ಮೇಷ್ಟ್ರಿಗೆ ಇನ್ನೊಬ್ಬರ ತರಗತಿಯ ಬಗ್ಗೆ ದಿನವೂ ಯೋಚಿಸುವುದು ಎಷ್ಟು ನೋವಿನ ಕೆಲಸವೆಂದು ಆಗ ನನಗೆ ಅರಿವಾಯಿತು. ಅಂದಿನಿಂದ ರಾತ್ರಿ ಊಟದ ಹೊತ್ತಿನಲ್ಲಿ ಶಾಲೆಯ ಮಾತು ಬೇಡವೆಂದು ಒಪ್ಪಿಕೊಂಡೆವು. ಬಹುಮಟ್ಟಿಗೆ ಅದನ್ನು ಪಾಲಿಸಿದ್ದೇವೆ.

ಊರಿನ ಜೊತೆಗಿನ ನಂಟನ್ನು ಉಳಿಸಿದವರೂ ಅವರೇ. ಚಳಿಗಾಲದಲ್ಲಿ ಭಾರತ ಐದೂವರೆ ಗಂಟೆ ಮುಂದಿರುತ್ತದೆ. ಮೀಟಿಂಗ್ ಮುಗಿಸಿ ನಾನು ನಾಲ್ಕೂವರೆಗೆ ಹೊರಬಂದರೆ ಕೋಲಾರದಲ್ಲಿ ರಾತ್ರಿ ಹತ್ತು, ಎರಡೂ ಮನೆಯ ಹಿರಿಯರು ಮಲಗಿರುತ್ತಾರೆ. ಬೆಳಗ್ಗೆ ನನ್ನನ್ನು ಕಳಿಸಿದ ಮೇಲೆ ಅವರು ತಮ್ಮ ತಂದೆತಾಯಿಗೂ ನನ್ನ ಅಮ್ಮನಿಗೂ ಫೋನ್ ಮಾಡುತ್ತಿದ್ದರು. ಅಮ್ಮನ ಸಕ್ಕರೆ ಕಾಯಿಲೆಯ ಗುಳಿಗೆ ಬದಲಾದದ್ದು, ಅಕ್ಕನ ಮಗಳಿಗೆ ಪಿಯುಸಿಯಲ್ಲಿ ಸೀಟು ಸಿಕ್ಕಿದ್ದು, ಈ ವರ್ಷ ಅವರೆಕಾಯಿ ಸೊಗಡು ಚೆನ್ನಾಗಿದೆಯೆಂಬುದು ನನಗೆ ತಿಳಿಯುತ್ತಿದ್ದುದು ಅವರ ಬಾಯಿಂದ. ಗಂಡಸು ಮನೆಯಲ್ಲಿ ಕೂರಬಾರದೆಂದಿದ್ದ ಅಮ್ಮ ಕೆಲವೇ ತಿಂಗಳಲ್ಲಿ ನನಗಿಂತ ಹೆಚ್ಚಾಗಿ ಅಳಿಯನ ಜೊತೆ ಮಾತಾಡತೊಡಗಿದಳು. ಶಿಕ್ಷಕರಿಗೆ ಶಾಲೆಯ ಅವಧಿಯಲ್ಲಿ ರಜೆ ಸಿಗುವುದಿಲ್ಲ. ಹಬ್ಬ, ಮದುವೆ, ನಾಮಕರಣಗಳಿಗೆ ಹೋಗುವ ಮಾತೇ ಇಲ್ಲ. 2024ರ ದೀಪಾವಳಿ ಶಾಲೆಯ ಅರ್ಧಾವಧಿಯ ರಜೆಯಲ್ಲಿ ಬಂದದ್ದನ್ನು ನಾವು ಭಾಗ್ಯವೆಂದೇ ತಿಳಿದು, ರೈಲು ಹತ್ತಿ ಲೀಡ್ಸ್‌ಗೆ ಹೋಗಿ ರಾಗಿಹಿಟ್ಟು, ಹಣತೆ, ಕರಿಬೇವು ತಂದೆವು.

ಜನವರಿಯಲ್ಲಿ ಅವರು ಹತ್ತಿರದ ಪ್ರಾಥಮಿಕ ಶಾಲೆಯೊಂದಕ್ಕೆ ಬೋಧನಾ ಸಹಾಯಕರ ಹುದ್ದೆಗೆ ಅರ್ಜಿ ಹಾಕಿದರು. ಇಲ್ಲಿ ಶಾಲೆಗಳು ಬಯೋಡೇಟಾ ತೆಗೆದುಕೊಳ್ಳುವುದಿಲ್ಲ, ತಮ್ಮದೇ ನಮೂನೆಯನ್ನು ತುಂಬಲು ಹೇಳುತ್ತವೆ. ಓದು ಮುಗಿದಂದಿನಿಂದ ಈವರೆಗೆ ಯಾವ ಅವಧಿಯಲ್ಲಿ ಏನು ಮಾಡಿದಿರೆಂದು ಖಾಲಿ ಬಿಡದೆ ವಿವರಿಸಬೇಕು, ಮಕ್ಕಳ ಸುರಕ್ಷತೆಗಾಗಿ ಹಾಗೆ ಕೇಳುತ್ತಾರೆ. ಹತ್ತು ವರ್ಷಕ್ಕೂ ಮಿಕ್ಕಿ ಎಸ್ಸೆಸ್ಸೆಲ್ಸಿಗೆ ಪಾಠ ಹೇಳಿದವರು ಐದಾರು ವರ್ಷದ ಮಕ್ಕಳ ಪಕ್ಕದಲ್ಲಿ, ಅವರಷ್ಟೇ ಎತ್ತರದ ಕುರ್ಚಿಯಲ್ಲಿ ಕೂತು, ಅಕ್ಷರಗಳ ಧ್ವನಿಯನ್ನು ಕೂಡಿಸಿ ಓದುವುದನ್ನು ಕೇಳಿಸಿಕೊಳ್ಳುವ ಕೆಲಸಕ್ಕೆ ಸೇರಿದರು. ಸಂಬಳ ಶಾಲೆ ನಡೆಯುವ ವಾರಗಳಿಗೆ ಮಾತ್ರ, ಅದನ್ನೇ ಹನ್ನೆರಡು ತಿಂಗಳಿಗೆ ಹಂಚಿ ಕೊಡುತ್ತಾರೆ. ಅವರಿಗೆ ಆ ಕೆಲಸ ಕೀಳೆನಿಸುತ್ತದೇನೋ ಎಂಬ ಭಯ ನನಗಿತ್ತು. ಮೊದಲ ವಾರ ಮುಗಿದಾಗ ಅವರು ಹೇಳಿದ ಮಾತನ್ನು ಹಾಗೆಯೇ ಬರೆಯುತ್ತೇನೆ: “ಇಷ್ಟು ವರ್ಷ ಓದೋಕೆ ಬರೋ ಮಕ್ಕಳಿಗೆ ಪಾಠ ಮಾಡಿದೆ. ಓದೋದು ಹೇಗೆ ಬರುತ್ತೆ ಅಂತ ಈಗ ನೋಡ್ತಾ ಇದೀನಿ.” ಮೊದಲ ವರ್ಷದ ಮಕ್ಕಳಿಗೆ ಜೂನ್‌ನಲ್ಲಿ ನಲವತ್ತು ಪದಗಳನ್ನು ಓದಿಸಿ ನೋಡುವ ರಾಷ್ಟ್ರೀಯ ಪರೀಕ್ಷೆಯಿದೆ, ಅದರಲ್ಲಿ ಅರ್ಥವೇ ಇಲ್ಲದ ಪದಗಳೂ ಇರುತ್ತವೆ, ಮಗು ಕಂಠಪಾಠದಿಂದ ಹೇಳುತ್ತಿದೆಯೋ ಧ್ವನಿ ಕೂಡಿಸಿ ಓದುತ್ತಿದೆಯೋ ತಿಳಿಯಲೆಂದು. ಮನೆಯಲ್ಲಿ ಇಂಗ್ಲಿಷ್ ಆಡದ ಕುಟುಂಬಗಳಿಂದ ಬಂದ ಮಕ್ಕಳು ಅವರ ಬಳಿ ಹೆಚ್ಚು ಹೊಂದಿಕೊಂಡರು.

ಆ ಊರು ಅವರನ್ನು ಇತಿಹಾಸದ ಮೇಷ್ಟ್ರನ್ನಾಗಿ ಮತ್ತೆ ಗುರುತಿಸಿದ್ದು ಗಣಿಗಳ ಮೂಲಕ. ನಮ್ಮವರ ಅಜ್ಜ ಕೆಜಿಎಫ್‌ನ ಗಣಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ನೆಲದಡಿಯಲ್ಲಿ ಬಂಡೆ ಸಿಡಿದಾಗ ಮೇಲಿನ ಮನೆಗಳ ಪಾತ್ರೆಗಳು ಅದುರುತ್ತಿದ್ದುದನ್ನು, ಸೈನೈಡ್ ದಿಬ್ಬಗಳ ಮೇಲೆ ಹುಡುಗರು ಹತ್ತಿ ಇಳಿಯುತ್ತಿದ್ದುದನ್ನು ನಮ್ಮವರು ಕೇಳುತ್ತಾ ನೋಡುತ್ತಾ ಬೆಳೆದವರು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷ್ ಕಂಪನಿ ಅಲ್ಲಿ ಗಣಿಗಾರಿಕೆ ಆರಂಭಿಸಿತು. ಕಾರ್ನ್‌ವಾಲ್‌ನ ಗಣಿಗರು ಕೋಲಾರದವರೆಗೆ ಬಂದು ದುಡಿದರು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿಯಿತು. 2001ರಲ್ಲಿ ಎಲ್ಲವೂ ಮುಚ್ಚಿತು. ಯಾರ್ಕ್‌ಷೈರ್‌ನ ಊರುಗಳಿಗೆ 1984–85ರ ಗಣಿ ಕಾರ್ಮಿಕರ ಮುಷ್ಕರ ಇಂದಿಗೂ ನಿನ್ನೆಯ ಸಂಗತಿ. ಬ್ರಿಟನ್ನಿನ ಕೊನೆಯ ಆಳದ ಕಲ್ಲಿದ್ದಲ ಗಣಿಯಾದ ಕೆಲ್ಲಿಂಗ್ಲಿ ಮುಚ್ಚಿದ್ದು 2015ರ ಡಿಸೆಂಬರಿನಲ್ಲಿ, ಅದೂ ನಮ್ಮ ಊರಿಗೆ ದೂರವೇನಲ್ಲ.

ವೇಕ್‌ಫೀಲ್ಡ್ ಹತ್ತಿರದ ರಾಷ್ಟ್ರೀಯ ಕಲ್ಲಿದ್ದಲು ಗಣಿ ವಸ್ತುಸಂಗ್ರಹಾಲಯದಲ್ಲಿ, ಹಳೆಯ ಕ್ಯಾಪ್‌ಹೌಸ್ ಗಣಿಯೊಳಕ್ಕೆ 140 ಮೀಟರ್ ಆಳದವರೆಗೆ ಕರೆದೊಯ್ಯುವವರು ಹಿಂದೆ ಗಣಿಯಲ್ಲೇ ದುಡಿದವರು. ನಾವು ಹೋದ ದಿನ ನಮ್ಮ ಮಾರ್ಗದರ್ಶಿ ಎಲ್ಲಿಂದ ಬಂದಿರೆಂದು ವಿಚಾರಿಸಿದರು. ಕೋಲಾರ ಚಿನ್ನದ ಗಣಿಯ ಆಳವನ್ನು ನಮ್ಮವರು ಹೇಳಿದಾಗ ಅವರು ನಂಬದೆ ಮತ್ತೊಮ್ಮೆ ಕೇಳಿದರು, ಆಮೇಲೆ ಅಷ್ಟು ಕೆಳಗೆ ಉಷ್ಣತೆ ಎಷ್ಟಿರುತ್ತಿತ್ತು, ಕೇಜಿನಲ್ಲಿ ಇಳಿಯಲು ಎಷ್ಟು ಹೊತ್ತು ಬೇಕಾಗುತ್ತಿತ್ತು, ಗಣಿ ಮುಚ್ಚಿದ ಮೇಲೆ ಜನ ಏನು ಮಾಡಿದರು ಎಂದು ಒಂದರ ಹಿಂದೊಂದು ಪ್ರಶ್ನೆ ಕೇಳಿದರು. ಬೆಳಗಿನ ಜಾವದ ರೈಲಿನಲ್ಲಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುವ ಕೆಜಿಎಫ್‌ನ ಸಾವಿರಾರು ಜನರ ಬಗ್ಗೆ ಕೇಳಿ ಅವರು ತಲೆಯಾಡಿಸಿದ ರೀತಿ ನನಗೆ ಮರೆಯದು.

ಈ ವಿಷಯ ಹೇಗೋ ನಮ್ಮವರ ಶಾಲೆಗೆ ತಲುಪಿ, ಅಲ್ಲಿನ ಮುಖ್ಯೋಪಾಧ್ಯಾಯಿನಿ ದೊಡ್ಡ ಮಕ್ಕಳಿಗೆ ಒಂದು ಮಧ್ಯಾಹ್ನ ಪಾಠ ಮಾಡಲು ಅವರನ್ನೇ ಕೇಳಿದರು. ಅವರು ಕೋಲಾರದಿಂದ ಆರಂಭಿಸಲಿಲ್ಲ. ಹತ್ತಿರದ ಸಿಲ್ಕ್‌ಸ್ಟೋನ್‌ನಿಂದ ಆರಂಭಿಸಿದರು. 1838ರ ಜುಲೈನಲ್ಲಿ ಬಿರುಮಳೆಗೆ ನೀರು ನುಗ್ಗಿ, ಅಲ್ಲಿನ ಹಸ್ಕರ್ ಗಣಿಯಲ್ಲಿ ಕೆಲಸಕ್ಕಿದ್ದ 26 ಮಕ್ಕಳು ಸತ್ತರು, ಅವರಲ್ಲಿ ಚಿಕ್ಕವರಿಗೆ ಏಳು ವರ್ಷ. ಆ ನಂತರ ನಡೆದ ವಿಚಾರಣೆಯ ಫಲವಾಗಿ 1842ರಲ್ಲಿ ಹೆಣ್ಣುಮಕ್ಕಳು ಮತ್ತು ಹತ್ತು ವರ್ಷದೊಳಗಿನ ಹುಡುಗರು ಗಣಿಯೊಳಗೆ ದುಡಿಯುವುದನ್ನು ಕಾನೂನು ನಿಷೇಧಿಸಿತು. ಅಲ್ಲಿಂದ ಅವರು ಮಕ್ಕಳನ್ನು ಕೋಲಾರಕ್ಕೆ, ಶಿವನಸಮುದ್ರದಿಂದ 1902ರಲ್ಲಿ ಗಣಿಗೆ ಹರಿದುಬಂದ ವಿದ್ಯುತ್ತಿಗೆ ಕರೆದೊಯ್ದರು. ಅಂದು ಮನೆಗೆ ಬಂದವರು ಊಟದ ಹೊತ್ತಿನ ನಮ್ಮ ನಿಯಮವನ್ನು ತಾವೇ ಮುರಿದು, ಮಕ್ಕಳು ಕೇಳಿದ ಪ್ರಶ್ನೆಗಳನ್ನೆಲ್ಲ ಹೇಳಿದರು. ಅದಾದ ಮೇಲೆ ಅವರ ನಡಿಗೆಯೇ ಬದಲಾಯಿತೆಂದು ನನಗೆ ಅನಿಸಿತು.

ಬಿಟ್ಟುಬಂದ ಮಕ್ಕಳ ಬಗ್ಗೆಯೂ ಬರೆಯಬೇಕು. ಹೊರದೇಶದ ಶಿಕ್ಷಕರನ್ನು ಕರೆಸಿಕೊಳ್ಳುವ ಒಂದು ದೇಶ ತನ್ನ ಕೊರತೆಯನ್ನು ತುಂಬಿಕೊಳ್ಳುವಾಗ ಇನ್ನೊಂದು ಕಡೆ ಕೊರತೆ ಹುಟ್ಟುತ್ತದೆ. ನಾನು ರಾಜೀನಾಮೆ ಕೊಟ್ಟ ಮೇಲೆ ನನ್ನ ತರಗತಿಗಳನ್ನು ಗಣಿತದ ಮೇಡಂ ತಮ್ಮ ಪಾಠಗಳ ಜೊತೆಗೆ ತಿಂಗಳುಗಟ್ಟಲೆ ನಿಭಾಯಿಸಿದರು. ಖಾಸಗಿ ಶಾಲೆಗಳು ಶಿಕ್ಷಕರಿಗೆ ಕೊಡುವ ಸಂಬಳದಲ್ಲಿ ಒಂದು ಸಂಸಾರ ನೆಮ್ಮದಿಯಾಗಿ ಬಾಳುವಂತಿದ್ದರೆ ನಾವು ಹೊರಡುತ್ತಿದ್ದೆವೋ ಇಲ್ಲವೋ ಎಂಬ ಪ್ರಶ್ನೆಯನ್ನು ನಾವಿಬ್ಬರೂ ಎಷ್ಟೋ ಸಲ ಮಾತಾಡಿದ್ದೇವೆ. ಹೊರಡುತ್ತಿರಲಿಲ್ಲ ಎಂದು ಅವರು ಹೇಳುತ್ತಾರೆ. ನನಗೆ ಆ ಟ್ರಾಲಿ, ಆ ಪ್ರಯೋಗಾಲಯ ನೋಡಿದ ಮೇಲೆ ಅಷ್ಟು ಖಚಿತವಾಗಿ ಹೇಳಲಾಗುತ್ತಿಲ್ಲ.

ಈಗ ನಮ್ಮ ಕಡೆಯ ಶಿಕ್ಷಕಿಯರು, ಅವರ ಗಂಡಂದಿರು ವಾಟ್ಸ್ಯಾಪಿನಲ್ಲಿ ವಿಚಾರಿಸುತ್ತಿರುತ್ತಾರೆ. ಎಲ್ಲರೂ ಕೇಳುವುದು ನೇಮಕವಾಗುವವರ ಬಗ್ಗೆ: ಸಂಬಳ, ಸಂದರ್ಶನ, ವೀಸಾ. ನಾನು ಮೊದಲು ಇನ್ನೊಬ್ಬರ ಬಗ್ಗೆ ಕೇಳುತ್ತೇನೆ. ಅವರ ಓದು ಏನು, ಆ ಊರಿನಲ್ಲಿ ಬಸ್ಸಿನಲ್ಲಿ ಹೋಗಿ ಬರಬಹುದಾದ ದೂರದಲ್ಲಿ ಅವರು ಮಾಡಬಹುದಾದ ಕೆಲಸವೇನಿದೆ, ಕೆಲಸ ಸಿಗದ ಮೊದಲ ಚಳಿಗಾಲವನ್ನು ಅವರು ಯಾರ ಜೊತೆ ಕಳೆಯುತ್ತಾರೆ, ಸಾಧ್ಯವಿದ್ದರೆ ಅವರು ಸ್ವಲ್ಪ ತಡವಾಗಿ ಬರುವುದು ಒಳ್ಳೆಯದೇ ಎಂದು. ದೊಡ್ಡ ನಗರದ ಶಾಲೆಯಲ್ಲಿ ಬಾಡಿಗೆ ದುಬಾರಿಯಾದರೂ ಇಬ್ಬರಿಗೂ ಕೆಲಸದ ಅವಕಾಶ ಹೆಚ್ಚು. ನಮ್ಮಂಥ ಪುಟ್ಟ ಊರಿನಲ್ಲಿ ಬಾಡಿಗೆ ಕಡಿಮೆ, ಅವಕಾಶವೂ ಕಡಿಮೆ. ಈ ಪ್ರಶ್ನೆಗಳಿಗೆ ಕೆಲವರು ಬೇಸರ ಪಟ್ಟುಕೊಳ್ಳುತ್ತಾರೆ. ಕೆಲವರು ವಾರ ಬಿಟ್ಟು ಉತ್ತರದೊಡನೆ ಮರಳುತ್ತಾರೆ, ಅಂಥವರಿಗೆ ನನ್ನ ಸಮಯವನ್ನು ಸಂತೋಷದಿಂದ ಕೊಡುತ್ತೇನೆ.

ನಮ್ಮ ಮುಂದಿರುವ ದಾರಿಯೂ ಪೂರ್ತಿ ಸ್ಪಷ್ಟವಾಗಿಲ್ಲ. ಐದು ವರ್ಷದ ನಂತರ ಖಾಯಂ ನೆಲೆಸಲು ಅರ್ಜಿ ಹಾಕಬಹುದೆಂಬ ನಿಯಮ ನೋಡಿ ನಾವು ಬಂದೆವು. ಆ ಸಾಮಾನ್ಯ ಅವಧಿಯನ್ನು ಹತ್ತು ವರ್ಷಕ್ಕೆ ಏರಿಸುವ ಪ್ರಸ್ತಾವವನ್ನು ಬ್ರಿಟನ್ ಸರ್ಕಾರ 2025ರ ಮೇ ತಿಂಗಳ ಶ್ವೇತಪತ್ರದಲ್ಲಿ ಮುಂದಿಟ್ಟಿತು. ನಮ್ಮವರು ಇಲ್ಲಿ ಅರ್ಹ ಶಿಕ್ಷಕರಾಗಲು ಎರಡು ದಾರಿಗಳಿವೆ. ಪಿಜಿಸಿಇ ಎಂಬ ಒಂದು ವರ್ಷದ ಶಿಕ್ಷಕ ತರಬೇತಿಯನ್ನು ಓದಬಹುದು, ವಿದೇಶೀಯರ ಶುಲ್ಕ ನಮ್ಮ ಕೈಗೆ ಮೀರಿದ್ದು. ಇನ್ನೊಂದು, ಈಗಾಗಲೇ ಅನುಭವವಿರುವವರನ್ನು ಹನ್ನೆರಡು ವಾರಗಳೊಳಗೆ ಪರೀಕ್ಷಿಸಿ ಮಾನ್ಯತೆ ಕೊಡುವ ಮೌಲ್ಯಮಾಪನದ ದಾರಿ. ಅದಕ್ಕೆ ಕನಿಷ್ಠ ಎರಡು ಶಾಲೆಗಳಲ್ಲಿ ಪಾಠ ಮಾಡಿರಬೇಕು, ಇಲ್ಲಿನ ಪಠ್ಯಕ್ರಮದ ಅನುಭವವನ್ನೇ ಬಹಳಷ್ಟು ಸಂಸ್ಥೆಗಳು ಕೇಳುತ್ತವೆ, ಅಂದರೆ ಯಾವುದಾದರೂ ಶಾಲೆ ಮೊದಲು ಅವರಿಗೆ ತರಗತಿಯೊಂದನ್ನು ಒಪ್ಪಿಸಬೇಕು. ತರಗತಿ ಸಿಗಲು ಮಾನ್ಯತೆ, ಮಾನ್ಯತೆಗೆ ತರಗತಿ. ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ ಮುಂದಿನ ಸೆಪ್ಟೆಂಬರಿನಿಂದ ವಾರದಲ್ಲಿ ಕೆಲವು ಮಧ್ಯಾಹ್ನ ದೊಡ್ಡ ಮಕ್ಕಳ ಇತಿಹಾಸ ಮತ್ತು ಭೂಗೋಳದ ಪಾಠಗಳನ್ನು ಅವರಿಗೆ ವಹಿಸಲು ಯೋಚಿಸುತ್ತಿದ್ದಾರೆ. ನನ್ನ ವೀಸಾ ನವೀಕರಣದ ಹೊತ್ತಿಗೆ ಅದು ಕೈಗೂಡಿದ್ದರೆ ಇಲ್ಲೇ ಉಳಿಯುವುದು, ಇಲ್ಲವಾದರೆ ಅವರಿಗೆ ಕೆಲಸವಿರುವ ಊರನ್ನು ಹುಡುಕಿ ಆ ಕಡೆಯ ಶಾಲೆಗಳಿಗೆ ನಾನು ಅರ್ಜಿ ಹಾಕುವುದು ಎಂದು ಮಾತಾಡಿಕೊಂಡಿದ್ದೇವೆ. ಭೌತಶಾಸ್ತ್ರದವಳಿಗೆ ಹುದ್ದೆ ಎಲ್ಲಾದರೂ ಸಿಕ್ಕೀತು; ಈ ಸಲ ಊರನ್ನು ಆರಿಸುವ ಸರದಿ ಅವರದು.